ಎಐ ಬಂದ ಮೇಲೂ ಸರ್ವೇಯರ್ ಬೇಕಾಗ್ತಾರಾ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮಗ ಸಿವಿಲ್ ಡಿಪ್ಲೊಮಾ ಓದುತ್ತಿದ್ದಾನೆ, ಸರ್ವೇಯರ್ ಆಗ್ತೇನೆ ಅಂತಾನೆ. ಡ್ರೋನ್, ಎಐ ಎಲ್ಲ ಬಂದ ಮೇಲೆ ಆ ಕೆಲಸ ಉಳಿಯುತ್ತಾ?

ಉತ್ತರ: ಉಳಿಯುತ್ತದೆ. ಆದರೆ ಕಂಪ್ಯೂಟರ್ ಮುಂದೆ ಕೂತು ಗೆರೆ ಎಳೆಯುವ ಕೆಲಸವನ್ನೇ ನಂಬಿಕೊಂಡರೆ ಕಷ್ಟ.

2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಊರೊಳಗಿನ ಮನೆ, ಜಾಗವನ್ನು ಡ್ರೋನ್ ಹಾರಿಸಿ ಅಳೆಯುತ್ತಾರೆ. ಇಂಥ ಫೋಟೊದಲ್ಲಿ ಒಂದೊಂದೇ ಮನೆಯ ಮಾಡು, ರಸ್ತೆ, ಕಾಂಪೌಂಡು ಗುರುತಿಸಿ ಗೆರೆ ಎಳೆಯುವುದು ಬೇಸರದ ಕೆಲಸ. ಎಐ ಅದನ್ನು ಬೇಗ ಮುಗಿಸುತ್ತದೆ. ಮನುಷ್ಯ ತಪ್ಪು ತಿದ್ದಿದರೆ ಸಾಕು.

ಕುಮಟಾ ಕಡೆಯ ಗಜನಿ (ಉಪ್ಪುನೀರು ನುಗ್ಗುವ ಗದ್ದೆ) ಬಯಲಿನಲ್ಲೂ ಒಡ್ಡುಗಳು ಮೇಲಿಂದ ಚೆನ್ನಾಗಿ ಕಾಣುತ್ತವೆ. ನಿಮ್ಮ ಅಡಿಕೆ ತೋಟದ ಕತೆಯೇ ಬೇರೆ. ಮೇಲಿಂದ ನೋಡಿದರೆ ಬರೀ ಸೋಗೆ. ಲೈಡಾರ್‌ನ (ಬೆಳಕಿನ ಕಿರಣದಿಂದ ದೂರ ಅಳೆಯುವ ಉಪಕರಣ) ಲೇಸರ್ ಎಲೆ ಸಂದಿಯಲ್ಲಿ ನುಸುಳಿ ನೆಲ ಮುಟ್ಟುತ್ತದೆ, ಯಾವ ಬಿಂದು ನೆಲದ್ದು, ಯಾವುದು ಎಲೆಯದ್ದು ಅಂತ ಎಐ ಬೇರ್ಪಡಿಸುತ್ತದೆ, ನಿಜ. ಹಾಗಂತ ಮಣ್ಣಲ್ಲಿ ಹೂತ ಗಡಿಕಲ್ಲು ಸಿಗುತ್ತದಾ? ರೋವರ್ (ಉಪಗ್ರಹದ ಸಿಗ್ನಲ್ ಹಿಡಿದು ಜಾಗ ಅಳೆಯುವ ಸಾಧನ) ಹಿಡಿದು ತೋಟಕ್ಕಿಳಿದರೆ ಉಪಗ್ರಹದ ಸಿಗ್ನಲ್ ಮರಕ್ಕೆ ಬಡಿದು ತಡವರಿಸುತ್ತದೆ. ಪರದೆ ಮೇಲೆ ‘ಫಿಕ್ಸ್’ ಅಂತ ಬರಬೇಕು, ಆಗ ಕೆಲವೇ ಸೆಂಟಿಮೀಟರ್ ವ್ಯತ್ಯಾಸ. ‘ಫ್ಲೋಟ್’ನಲ್ಲೇ ನಿಂತರೆ ಆ ಅಳತೆ ನಂಬುವಂತಿಲ್ಲ. ಈ ಅಳತೆಯ ತಪ್ಪು ಸರಿಪಡಿಸುವ ತಿದ್ದುಪಡಿ ಬರುವುದು ಮೊಬೈಲ್ ನೆಟ್‌ವರ್ಕ್ ಮೇಲೆ. ನಮ್ಮ ಘಟ್ಟದ ನೆಟ್‌ವರ್ಕ್ ಗೊತ್ತಲ್ವಾ! ಕೊನೆಗೆ ಬಯಲಲ್ಲಿ ಎರಡು ಪಾಯಿಂಟ್ ಹಿಡಿದು, ಅಲ್ಲಿಂದ ಕೋನ, ದೂರ ಅಳೆಯುವ ಟೋಟಲ್ ಸ್ಟೇಷನ್‌ನಲ್ಲಿ ಒಳಗೆ ಅಳತೆ ತರಬೇಕು.

ಇದೆಲ್ಲ ಯಂತ್ರದ ತೊಡಕು, ನಾಳೆ ಸುಧಾರಿಸಬಹುದು. ಅಸಲು ತೊಡಕು ಬೇಲಿಯದ್ದು. ಬೇಲಿ ಹತ್ತಡಿ ಆಚೆ ಸರಿದಿದ್ದರೆ ಎಐ ಆ ಸರಿದ ಬೇಲಿಗೇ ಚೊಕ್ಕವಾಗಿ ಗೆರೆ ಎಳೆದು ಕೊಡುತ್ತದೆ. ಗಡಿ ಎಲ್ಲಿದೆ ಅಂತ ಹೇಳುವುದು ಹಳೇ ಟಿಪ್ಪಣಿ, ಅಂದರೆ ಹಿಂದಿನ ಸರ್ವೆಯ ಅಳತೆ ದಾಖಲೆ. ಅದರಲ್ಲಿ ಅಳತೆ ಇರುವುದು ಸರಪಳಿ, ಆಣೆ ಲೆಕ್ಕದಲ್ಲಿ. 33 ಅಡಿಗೆ ಒಂದು ಸರಪಳಿ, ಸರಪಳಿಗೆ 16 ಆಣೆ. ಹೀಗೆ ಒಂದು ಸರಪಳಿ ಚೌಕವೇ ಒಂದು ಗುಂಟೆ. ಮಾಸಿದ ಅಂಕಿಯನ್ನು ಎಐ ಓದಿ ಕೊಡಬಹುದು. ಆದರೆ ಯಾವ ಕಲ್ಲಿನಿಂದ ಅಳೆದದ್ದು, ಆ ಕಲ್ಲು ಇನ್ನೂ ಅಲ್ಲೇ ಇದೆಯಾ, ಯಾರಾದರೂ ಕಿತ್ತು ನೆಟ್ಟಿದ್ದಾರಾ? ಅದಕ್ಕೆ ಜಾಗದಲ್ಲೇ ನಿಲ್ಲಬೇಕು. ಹದ್ದುಬಸ್ತಿಗೆ (ಗಡಿ ಗುರುತಿಸುವ ಅಳತೆಗೆ) ಬಾಜೂ ಹಿಡುವಳಿದಾರರಿಗೆ ನೋಟಿಸ್ ಕೊಡುವುದು ಸುಮ್ನೆ ಅಲ್ಲ. ನಾಳೆ ತಕರಾರು ಕೋರ್ಟಿಗೆ ಹೋದರೆ ಉತ್ತರ ಹೇಳಬೇಕಾದವರು ನಕ್ಷೆಗೆ ಸಹಿ ಹಾಕಿದವರು. ಸಾಫ್ಟ್‌ವೇರ್ ಸಾಕ್ಷಿ ಕಟ್ಟೆ ಹತ್ತುವುದಿಲ್ಲ.

ಹಾಗಾಗಿ ಮಗನಿಗೆ ಎರಡೂ ಕಲಿಸಿ. ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಕ್ಯೂಜಿಐಎಸ್ ಪುಕ್ಕಟೆ ಸಿಗುತ್ತದೆ, ಮನೆಯಲ್ಲೇ ಶುರು ಮಾಡಲಿ. ರಜೆಯಲ್ಲಿ ಅನುಭವಸ್ಥ ಸರ್ವೇಯರ್ ಒಬ್ಬರ ಜೊತೆ ತೋಟ, ಬೆಟ್ಟ ತಿರುಗಲಿ. ಮಳೆಗಾಲ ಆದರೆ ಉಂಬಳ (ಜಿಗಣೆ) ಜಾಸ್ತಿ, ಸುಣ್ಣ ಕಟ್ಟಿ ಕಳಿಸಿ. ಟಿಪ್ಪಣಿ ಓದುವುದು, 11ಇ ನಕ್ಷೆ (ಜಮೀನಿನ ಒಂದು ಭಾಗ ಮಾರುವಾಗ ಬೇಕಾಗುವ ನಕ್ಷೆ), ಪೋಡಿ (ಸರ್ವೆ ನಂಬರ್ ಭಾಗ ಮಾಡುವ) ಕೆಲಸ ಅವರಿಂದಲೇ ಕಲಿಯಬೇಕು.