ಸೋಪಿನ ನೀರು ಸಂದಿಗೆ ಇಳಿದಾಗ

2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದು ನೊರೆ ಎದ್ದಾಗ ಎಷ್ಟು ಗಲಾಟೆ ಆಯ್ತು, ನೆನಪಿದೆಯಲ್ವಾ? ಎಲ್ಲರೂ ನೊರೆಯನ್ನೇ ನೋಡಿದರು. ನನಗೆ ಕುತೂಹಲ ಅದರ ಕೆಳಗಿನದು. ಸೋಪಿನ ಅಂಶ ಇರುವ ನೀರು ಮಣ್ಣಿನ ಸಣ್ಣ ಸಂದಿಗಳಲ್ಲಿ ಹೇಗೆ ಹರಿಯುತ್ತದೆ?

ಸೋಪಿನ ಅಣುವಿಗೆ ನೀರಿಗೆ ಅಂಟಿಕೊಳ್ಳುವ ತಲೆ ಇದೆ, ನೀರು ಕಂಡರಾಗದ ಉದ್ದ ಬಾಲವೂ ಇದೆ. ದೊಡ್ಡ ಪೈಪಿನಲ್ಲಿ ಗೋಡೆಗೆ ಅಂಟುವ ಅಣುಗಳು ಲೆಕ್ಕಕ್ಕೇ ಇಲ್ಲ. ಸಂದಿ ಕೆಲವೇ ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಆದರೆ ಮಾತ್ರ ಅಲ್ಲಿ ಗೋಡೆಯದೇ ಯಜಮಾನಿಕೆ.

ಮರಳನ್ನೇ ನೋಡಿ. ನೀರಿನಲ್ಲಿ ಅದರ ಮೈಗೆ ಮೈನಸ್ ಚಾರ್ಜ್. ಬಟ್ಟೆ ಒಗೆಯುವ ಪುಡಿಯ ಮುಖ್ಯ ಅಣುಗಳ ತಲೆಗೂ ಮೈನಸ್ಸೇ, ಹಾಗಾಗಿ ಅವು ಹೆಚ್ಚಾಗಿ ಅಂಟದೆ ಸುಮ್ನೆ ಹರಿದು ಹೋಗುತ್ತವೆ. ಕೂದಲಿಗೆ ಹಚ್ಚುವ ಕಂಡೀಷನರ್‌ನದು ಪ್ಲಸ್. ಅದು ಬಂದು ತಲೆಯನ್ನು ಮರಳಿಗೆ ಊರಿ, ಬಾಲವನ್ನು ನೀರಿನ ಕಡೆ ಚಾಚುತ್ತದೆ. ಈಗ ಗೋಡೆಗೆ ಎಣ್ಣೆ ಬಳಿದ ಹಾಗೆ. ಇನ್ನಷ್ಟು ಅಣುಗಳು ಬಂದರೆ ಆ ಬಾಲಗಳ ಮೇಲೆ ತಲೆಕೆಳಗಾಗಿ ಎರಡನೇ ಪದರ ಕೂರುತ್ತದೆ, ಗೋಡೆಗೆ ಮತ್ತೆ ನೀರು ಹಿಡಿಯುತ್ತದೆ. ಚಾರ್ಜ್ ಮಾತ್ರ ಪ್ಲಸ್ಸಿಗೆ ತಿರುಗಿರುತ್ತದೆ. ಗಾಜಿನ ಸಣ್ಣ ನಳಿಕೆಗೆ ಹೀಗೆ ಮಾಡಿ ಕರೆಂಟ್ ಕೊಟ್ಟರೆ ನೀರು ಮೊದಲು ಹೋಗುತ್ತಿದ್ದ ದಿಕ್ಕಿಗೆ ಉಲ್ಟಾ ಹರಿಯುತ್ತದೆ!

ಇಂಥ ಜೋಡಿ ಪದರದ ದಪ್ಪ ಸುಮಾರು 3 ನ್ಯಾನೋಮೀಟರ್. 10 ನ್ಯಾನೋಮೀಟರ್ ಅಗಲದ ನಳಿಕೆಯ ಎರಡೂ ಬದಿ ಅದು ಕೂತರೆ ಉಳಿಯುವುದು 4. ಹರಿವು ಅಗಲದ ನಾಲ್ಕನೇ ಘಾತಕ್ಕೆ ತಕ್ಕಂತೆ ಇಳಿಯುವುದರಿಂದ, ಒತ್ತಡ ಅಷ್ಟೇ ಇದ್ದರೂ ಸುಮಾರು 40ರಲ್ಲಿ ಒಂದು ಪಾಲು ನೀರು ಮಾತ್ರ ದಾಟುತ್ತದೆ. ಟೊಮೆಟೊ ತೋಟದ ಡ್ರಿಪ್ ಪೈಪಿಗೆ ಈ ಲೆಕ್ಕ ಬೇಡ, ಅದರ ತೂತು ಇದಕ್ಕಿಂತ ಲಕ್ಷ ಪಟ್ಟು ದೊಡ್ಡದು.

ನಮ್ಮ ಕೆಮ್ಮಣ್ಣಿನ ಕಥೆ ಬೇರೆ. ಅದರ ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದು. ನೀರು ತೀರಾ ಕ್ಷಾರವಾಗಿಲ್ಲದಿದ್ದರೆ ಆ ಆಕ್ಸೈಡಿನ ಮೈಗೆ ಪ್ಲಸ್ ಚಾರ್ಜ್. ಮರಳು ಬಿಟ್ಟುಕೊಟ್ಟ ಬಟ್ಟೆ ಸೋಪನ್ನು ಇದು ಹಿಡಿದುಕೊಳ್ಳುತ್ತದೆ. ಇಲ್ಲೊಂದು ತಮಾಷೆ ಇದೆ: ಅಂಟಿಕೊಂಡ ಸೋಪು ಒಂದೇ ಪದರದಷ್ಟಿದ್ದರೆ ಕಣಕ್ಕೆ ನೀರು ಹಿಡಿಯುವುದು ಕಷ್ಟ. ಸೋಪು ಜಾಸ್ತಿಯಾಗಿ ಎರಡನೇ ಪದರ ಕೂತಾಗ ಮತ್ತೆ ಸಲೀಸು.