ಕಕ್ಕೆ ಬೀಜ ಮೊಳೆಯದಿರುವುದೇಕೆ? ಮನೆಯಲ್ಲಿ ಬೆಳೆಸುವವರಿಗೆ ಟಿಪ್ಪಣಿ

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು ನೆತ್ತಿ ಸುಡುವಾಗಲೇ ಕಕ್ಕೆ ಹಳದಿ ಗೊಂಚಲುಗಳನ್ನು ಇಳಿಬಿಡುತ್ತದೆ. ಶಾಸ್ತ್ರೀಯ ಹೆಸರು ಕ್ಯಾಸಿಯಾ ಫಿಸ್ಟುಲಾ. ಗುಲ್‌ಮೊಹರ್ ಮಡಗಾಸ್ಕರ್‌ನಿಂದ ಬಂದ ಮರ. ಕಕ್ಕೆ ಈ ನೆಲದ್ದೇ. ಅಂಗಳದಲ್ಲಿ ಒಂದೇ ಮರಕ್ಕೆ ಜಾಗವಿದ್ದರೆ ಕಕ್ಕೆಯನ್ನೇ ಹಾಕಿ ಎನ್ನುತ್ತೇನೆ.

ಬಿತ್ತಿದವರ ದೂರು ಒಂದೇ: ನೀರು ಹಾಕಿದರೂ ಮೊಳಕೆ ಬರಲಿಲ್ಲ. ತೊಗರಿಯೂ ಕಕ್ಕೆಯೂ ಫ್ಯಾಬೇಸಿ ಕುಟುಂಬಕ್ಕೇ ಸೇರಿದವು. ಆದರೆ ರಾತ್ರಿ ನೆನೆಸಿದ ತೊಗರಿ ಬೆಳಿಗ್ಗೆ ಉಬ್ಬಿರುತ್ತದೆ, ಕಕ್ಕೆ ಬೀಜ ದಿನಗಟ್ಟಲೆ ನೀರಿನಲ್ಲಿದ್ದರೂ ಹಾಗೆಯೇ ಇರುತ್ತದೆ. ಅದರ ಹೊರಕವಚದಲ್ಲಿ ಕಂಬದಾಕಾರದ ಜೀವಕೋಶಗಳು ಸಂದಿಲ್ಲದಂತೆ ಒತ್ತಾಗಿ ನಿಂತಿರುತ್ತವೆ; ನೀರು ಒಳಗೆ ಇಳಿಯುವುದಿಲ್ಲ. ಇದನ್ನು ಭೌತಿಕ ಸುಪ್ತಾವಸ್ಥೆ ಎನ್ನುತ್ತಾರೆ. ಒಳಗಿನ ಭ್ರೂಣ ಸಿದ್ಧವಾಗಿಯೇ ಇರುತ್ತದೆ, ಅದಕ್ಕೆ ಬೇಕಿರುವುದು ನೀರು. ಹಾಗಾಗಿ ಗೊಬ್ಬರ, ಮಣ್ಣು ಬದಲಾಯಿಸಿ ಪ್ರಯೋಜನವಿಲ್ಲ. ಮರಕ್ಕೆ ಇದರಿಂದ ಲಾಭವೂ ಉಂಟು. ಮುಂಗಾರಿನ ಮೊದಲ ಮಳೆಗೇ ಎಲ್ಲ ಬೀಜಗಳೂ ಮೊಳೆತು, ಆಮೇಲೆ ಮಳೆ ಕೈಕೊಟ್ಟರೆ ಇಡೀ ಪೀಳಿಗೆಯೇ ಒಣಗುತ್ತದೆ. ಕವಚ ಒಂದೊಂದರಲ್ಲಿ ಒಂದೊಂದು ಹೊತ್ತಿಗೆ ಸವೆಯುವುದರಿಂದ ಕೆಲವಾದರೂ ಉಳಿಯುತ್ತವೆ.

ಮರದಲ್ಲೇ ಕಪ್ಪಾಗಿ ಒಣಗಿದ, ಅಲ್ಲಾಡಿಸಿದರೆ ಗಿಲಕಿಯಂತೆ ಸದ್ದು ಮಾಡುವ ಕೋಡನ್ನು ಆರಿಸಿ. ಒಡೆದರೆ ನಾಣ್ಯ ಜೋಡಿಸಿಟ್ಟ ಹಾಗೆ ಅಡ್ಡ ಗೋಡೆಗಳ ಸಾಲು. ಒಂದೊಂದು ಕೋಣೆಯಲ್ಲಿ ಕಪ್ಪು ಅಂಟು ತಿರುಳು, ಒಂದು ಹೊಳೆಯುವ ಕಂದು ಬೀಜ. ತಿರುಳು ಭೇದಿ ತರುತ್ತದೆ, ಮಕ್ಕಳ ಕೈಗೆ ಕೊಡಬೇಡಿ. ಹುಳು ಕೊರೆದ ತೂತಿರುವ ಬೀಜಗಳನ್ನು ಬಿಸಾಡಿ.

ತೊಳೆದು ಒಣಗಿಸಿದ ಬೀಜದ ಒಂದು ತುದಿಯಲ್ಲಿ, ಅದು ಕೋಡಿಗೆ ಅಂಟಿದ್ದ ಸಣ್ಣ ಗುರುತು ಕಾಣುತ್ತದೆ. ಬೇರು ಹೊರಡುವುದು ಅಲ್ಲಿಂದ, ಅದನ್ನು ಮುಟ್ಟಬೇಡಿ. ಎದುರು ತುದಿಯನ್ನು ಮರಳು ಕಾಗದದ ಮೇಲೆ ಉಜ್ಜಿ. ಕಂದು ಹೋಗಿ ಒಳಗಿನ ಬಿಳಿಚು ಬಣ್ಣ ಚುಕ್ಕೆಯಷ್ಟು ಇಣುಕಿದೊಡನೆ ನಿಲ್ಲಿಸಿ. ರಾತ್ರಿಯಿಡೀ ನೆನೆಸಿ. ಉಬ್ಬಿದವು ಬಿತ್ತಲು ಸಿದ್ಧ, ಉಬ್ಬದವನ್ನು ಮತ್ತೊಮ್ಮೆ ಉಜ್ಜಿ. ಕುದಿನೀರಿನ ವಿಧಾನವೂ ಇದೆ, ಆದರೆ ಹೆಚ್ಚು ಹೊತ್ತಾದರೆ ಭ್ರೂಣ ಬೆಂದುಹೋಗುತ್ತದೆ. ಪ್ರಯೋಗಾಲಯಗಳಲ್ಲಿ ಬಳಸುವ ಗಂಧಕಾಮ್ಲ ಮನೆಗೆ ಬೇಡವೇ ಬೇಡ.

ನಮ್ಮ ಎರೆಮಣ್ಣನ್ನು ಹಾಗೆಯೇ ಕುಂಡಕ್ಕೆ ತುಂಬಬೇಡಿ. ಅದು ನೀರು ಹಿಡಿದು ಬೇರು ಕೊಳೆಸುತ್ತದೆ, ಒಣಗಿದರೆ ಬಿರಿದು ಎಳೆ ಬೇರನ್ನು ಹರಿಯುತ್ತದೆ. ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ. ತೊಗರಿಯ ಬೇರಿನಲ್ಲಿರುವ, ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಗಂಟುಗಳು ಕಕ್ಕೆಯಲ್ಲಿ ಕಟ್ಟುವುದಿಲ್ಲ; ಮೊಳಕೆಗೆ ಬೇಡವಾದರೂ ಸಸಿ ಬೆಳೆಯಲು ಗೊಬ್ಬರ ಬೇಕೇ ಬೇಕು. ತಾಯಿಬೇರು ಬೇಗ ಆಳಕ್ಕಿಳಿಯುವುದರಿಂದ ಎತ್ತರದ ಚೀಲವೇ ಒಳ್ಳೆಯದು. ಸಾಮಾನ್ಯವಾಗಿ ಒಂದರಿಂದ ಮೂರು ವಾರದಲ್ಲಿ ಬೀಜದಳಗಳು ಮೇಲೇಳುತ್ತವೆ.

ಮುಂದಿನ ಮುಂಗಾರಿಗೆ, ಬೇರಿನ ಮಣ್ಣು ಒಡೆಯದಂತೆ ನೆಲಕ್ಕೆ ನೆಡಿ. ಹೂವಿಗೆ ಹಲವು ವರ್ಷ ಕಾಯಬೇಕು. ಎಲೆಗಳ ಮೇಲೆ ಹಸಿರು ಕಂಬಳಿಹುಳು ಕಂಡರೆ ಔಷಧ ಹೊಡೆಯಬೇಡಿ. ತಿಳಿಹಳದಿ ವಲಸೆ ಚಿಟ್ಟೆಯ ಮರಿಗಳು ಮೇಯುವುದು ಕಕ್ಕೆ ಮತ್ತು ಅದರ ಬಳಗದ ಗಿಡಗಳನ್ನೇ; ಬಲಿತ ಗಿಡ ಮತ್ತೆ ಚಿಗುರುತ್ತದೆ. ಎಳೆ ಸಸಿಯಾದರೆ ಮಾತ್ರ ಹುಳುಗಳನ್ನು ಕೈಯಿಂದ ಎತ್ತಿ ದೊಡ್ಡ ಮರಕ್ಕೆ ಬಿಡಿ.