ಬಿ ಖಾತಾ ದೇಶಗಳು: ನೆಲ ಕಬಳಿಸಿದವರ ಮುಂದೆ ಜಗತ್ತು ಹೂಡಿದ ತಕರಾರುಗಳು

ಬೆಂಗಳೂರಿನಲ್ಲಿ ಸೈಟು ಕೊಳ್ಳಲು ಹೊರಟವರು ಮೊದಲ ತಿಂಗಳಲ್ಲೇ ಕಲಿಯುವ ಪಾಠವೊಂದಿದೆ. ಸ್ವಾಧೀನ ಬೇರೆ, ಹಕ್ಕು ಬೇರೆ, ಖಾತೆ ಬೇರೆ. ರಾಜಕಾಲುವೆ ಒತ್ತಿ ಕಾಂಪೌಂಡ್ ಕಟ್ಟಿದವನು ಅಲ್ಲಿ ಇಪ್ಪತ್ತು ವರ್ಷ ಸಂಸಾರ ಮಾಡಬಹುದು, ಕರೆಂಟು ಎಳೆದುಕೊಳ್ಳಬಹುದು, ಪಾಲಿಕೆ ಅವನ ಹೆಸರನ್ನು ಬಿ ಖಾತಾ ಎಂಬ ಬೇರೆ ಪುಸ್ತಕದಲ್ಲಿ ಬರೆದು, ಹಕ್ಕನ್ನು ಒಪ್ಪದೆಯೇ ತೆರಿಗೆಯನ್ನೂ ಕಟ್ಟಿಸಿಕೊಳ್ಳಬಹುದು. ಸಾಲಕ್ಕೆ ಹೋದಾಗ ಬ್ಯಾಂಕು ಮೂಲಪತ್ರ ಕೇಳುತ್ತದೆ, ಅಲ್ಲಿಗೆ ಮಾತು ನಿಲ್ಲುತ್ತದೆ. ಒಂದು ದೇಶ ಸೈನ್ಯ ನುಗ್ಗಿಸಿ ಇನ್ನೊಂದರ ನೆಲವನ್ನು ತನ್ನದೆಂದು ಸಾರಿದಾಗ ಉಳಿದ ದೇಶಗಳ ಮುಂದೆ ಬರುವ ತೊಡಕೂ ಹೆಚ್ಚುಕಡಿಮೆ ಇದೇ. ಆ ಮಟ್ಟದಲ್ಲಿ ತಹಶೀಲ್ದಾರರಿಲ್ಲ, ತೆರವಿಗೆ ಜೆಸಿಬಿ ಕಳಿಸುವವರೂ ಇಲ್ಲ, ಅಷ್ಟೇ.

ಉಕ್ರೇನಿನ ನಾಲ್ಕು ಪ್ರಾಂತ್ಯಗಳನ್ನು ರಷ್ಯಾ 2022ರ ಸೆಪ್ಟೆಂಬರ್ 30ರಂದು ತನ್ನೊಳಗೆ ಸೇರಿಸಿಕೊಂಡ ಮೇಲೆ ಈ ಊರಿನ ಕಾಲೇಜು ಚರ್ಚಾಕೂಟದಿಂದ ಪಾರ್ಕಿನ ಕಲ್ಲುಬೆಂಚಿನವರೆಗೆ ಎರಡೇ ವಾದ. ಭಾರತ ಗಟ್ಟಿಯಾಗಿ ಖಂಡಿಸಬೇಕಿತ್ತು ಎಂಬುದು ಒಂದು, ಊರ ಉಸಾಬರಿ ನಮಗೇಕೆ ಎಂಬುದು ಇನ್ನೊಂದು. ಎರಡೂ ಕಡೆಯವರು ಪ್ರತಿಕ್ರಿಯೆ ಎಂದರೆ ಒಂದು ಭಾಷಣ ಎಂದುಕೊಂಡಿದ್ದಾರೆ. ಕಳೆದ ತೊಂಬತ್ತು ವರ್ಷಗಳ ಕಡತ ನೋಡಿದರೆ ಭಾಷಣದ ತೂಕ ಕಡಿಮೆ. ಪಾಸ್‌ಪೋರ್ಟ್, ಅಂಚೆಚೀಟಿ, ಹಡಗಿನ ಸರಕುಪತ್ರ, ಚಿನ್ನದ ಲೆಕ್ಕ, ಜನನ ಪ್ರಮಾಣಪತ್ರ ಇವುಗಳ ಮೇಲೆಯೇ ಹೋರಾಟ ನಡೆದಿದೆ.

ಮೊದಲ ತಕರಾರು ಅರ್ಜಿ

ಹಿಂದೆ ಗೆದ್ದವನಿಗೇ ನೆಲ ಎಂಬುದು ರೂಢಿಯ ಕಾನೂನು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ರಾಜ್ಯದ ಅರ್ಧವನ್ನು ಕಂಪನಿ, ಮರಾಠರು, ನಿಜಾಮ ಹಂಚಿಕೊಂಡಾಗ ಅದನ್ನು ಅಸಿಂಧು ಎನ್ನುವ ನಿಯಮವೇ ಇರಲಿಲ್ಲ. 1931ರ ಸೆಪ್ಟೆಂಬರಿನಲ್ಲಿ ಜಪಾನ್ ಮಂಚೂರಿಯಾಕ್ಕೆ ನುಗ್ಗಿದ ಮೇಲೆ ಹೊಸ ಪದ್ಧತಿ ಶುರುವಾಯಿತು. 1932ರ ಜನವರಿ 7ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಹೆನ್ರಿ ಸ್ಟಿಮ್ಸನ್ ಜಪಾನಿಗೂ ಚೀನಾಕ್ಕೂ ಒಂದೇ ಒಕ್ಕಣೆಯ ಪತ್ರ ಕಳಿಸಿದರು: ಬಲಪ್ರಯೋಗದಿಂದ ಆದ ಬದಲಾವಣೆಯನ್ನು ನಾವು ಮಾನ್ಯ ಮಾಡುವುದಿಲ್ಲ. ನಮ್ಮ ಕಂದಾಯ ಕಚೇರಿಯ ಭಾಷೆಯಲ್ಲಿ ಇದು ತಕರಾರು ಅರ್ಜಿ. ಒತ್ತುವರಿದಾರನನ್ನು ಅದು ಎಬ್ಬಿಸುವುದಿಲ್ಲ, ಖಾತೆ ಅವನ ಹೆಸರಿಗೆ ಹೋಗದಂತೆ ಅಡ್ಡ ನಿಲ್ಲುತ್ತದೆ.

1933ರ ಫೆಬ್ರವರಿಯಲ್ಲಿ, ವಿಶ್ವಸಂಸ್ಥೆಗೆ ಮೊದಲಿದ್ದ ರಾಷ್ಟ್ರಸಂಘವೂ ಇದೇ ದಾರಿ ಹಿಡಿಯಿತು. ಪರವಾಗಿ 42 ಮತ, ವಿರುದ್ಧ ಜಪಾನಿನದೊಂದೇ. ಆಮೇಲೆ ಸದಸ್ಯ ದೇಶಗಳಿಗೆ ಹೋದ ಸೂಚನೆಗಳನ್ನು ಗಮನಿಸಬೇಕು. ಜಪಾನ್ ಹುಟ್ಟಿಸಿದ ‘ಮಂಚುಕುವೊ’ದ ಅಂಚೆ, ನಾಣ್ಯ, ಪಾಸ್‌ಪೋರ್ಟ್, ಅಲ್ಲಿಗೆ ಕಾನ್ಸುಲ್‌ಗಳ ನೇಮಕ ಇವನ್ನೆಲ್ಲ ಹೇಗೆ ನಿಭಾಯಿಸಬೇಕು ಎಂಬ ಗುಮಾಸ್ತರ ಮಟ್ಟದ ವಿವರ ಅದರಲ್ಲಿತ್ತು. ತಕರಾರು ಬದುಕುವುದು ಗುಮಾಸ್ತರ ಮೇಜಿನ ಮೇಲೆ ಎಂದು ಆಗಲೇ ಕೆಲವರಿಗೆ ಹೊಳೆದಿತ್ತು.

ಎರಡು ವರ್ಷದಲ್ಲಿ ಇಥಿಯೋಪಿಯಾದ ಸರದಿ ಬಂತು. 1935ರ ಅಕ್ಟೋಬರಿನಲ್ಲಿ ಇಟಲಿ ನುಗ್ಗಿತು, ನವೆಂಬರ್ 18ರಿಂದ ನಿರ್ಬಂಧ ಜಾರಿಯಾಯಿತು. ಸುಮಾರು 50 ದೇಶಗಳು ಕೈಜೋಡಿಸಿದವು. ಶಸ್ತ್ರ ಮಾರಬಾರದು, ಸಾಲ ಕೊಡಬಾರದು, ಇಟಲಿಯ ಸರಕು ಕೊಳ್ಳಬಾರದು, ರಬ್ಬರು ತವರದಂಥ ಕೆಲವು ಕಚ್ಚಾವಸ್ತು ಕಳಿಸಬಾರದು. ಪಟ್ಟಿಯಲ್ಲಿ ಎಣ್ಣೆ ಇರಲಿಲ್ಲ, ಕಲ್ಲಿದ್ದಲು ಇರಲಿಲ್ಲ, ಉಕ್ಕೂ ಇರಲಿಲ್ಲ. ಸೂಯೆಜ್ ಕಾಲುವೆ ತೆರೆದೇ ಇತ್ತು. ಇಟಲಿಯ ಸೈನಿಕರ ಹಡಗುಗಳು ಸುಂಕ ಕಟ್ಟಿ ದಾಟುತ್ತಿದ್ದವು. ಅಮೆರಿಕ ಸಂಘದ ಸದಸ್ಯನಲ್ಲದ್ದರಿಂದ ಎಣ್ಣೆ ನಿಲ್ಲಿಸಿದರೂ ಅಲ್ಲಿಂದ ಬರುತ್ತದೆ ಎಂಬ ಸಬೂಬು ಸಿಕ್ಕಿತು. ಮನೆಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಕಥೆ. 1936ರ ಮೇ ತಿಂಗಳಲ್ಲಿ ಇಟಲಿ ದೇಶವನ್ನೇ ನುಂಗಿತು, ಜುಲೈಯಲ್ಲಿ ನಿರ್ಬಂಧ ತೆರವಾಯಿತು, 1938ರಲ್ಲಿ ಬ್ರಿಟನ್ ಆ ಗೆಲುವನ್ನು ಕಾನೂನುಬದ್ಧವೆಂದು ಒಪ್ಪಿಕೊಂಡಿತು. ನಮ್ಮ ಅಕ್ರಮ-ಸಕ್ರಮ ಇದಕ್ಕಿಂತ ನಿಧಾನ!

ಐವತ್ತು ವರ್ಷ ಬಾಗಿಲು ಮುಚ್ಚದ ಕಚೇರಿಗಳು

ತಕರಾರು ಗೆದ್ದ ಉದಾಹರಣೆ ಬೇಕೆಂದರೆ ಎಸ್ಟೋನಿಯಾ, ಲ್ಯಾಟ್ವಿಯಾ, ಲಿಥುವೇನಿಯಾಗಳ ಕಡತ ತೆರೆಯಬೇಕು. 1940ರಲ್ಲಿ ಸೋವಿಯತ್ ಒಕ್ಕೂಟ ಮೂರನ್ನೂ ಸೇರಿಸಿಕೊಂಡಿತು. ಅಮೆರಿಕ ಮೊದಲು ಮಾಡಿದ್ದು ಹಣದ ಕೆಲಸ. ಜುಲೈ 15ರಂದು ತನ್ನ ಬ್ಯಾಂಕುಗಳಲ್ಲಿದ್ದ ಆ ದೇಶಗಳ ಆಸ್ತಿಯನ್ನು ಮಾಸ್ಕೋಗೆ ಸಿಗದಂತೆ ತಡೆಹಿಡಿಯಿತು. ಇದನ್ನು ಒಪ್ಪುವುದಿಲ್ಲ ಎಂಬ ಹೇಳಿಕೆ ಬಂದದ್ದು ಜುಲೈ 23ರಂದು, ಹಂಗಾಮಿ ವಿದೇಶಾಂಗ ಕಾರ್ಯದರ್ಶಿ ಸಮ್ನರ್ ವೆಲ್ಸ್ ಹೆಸರಿನಲ್ಲಿ. ಈ ಕ್ರಮವನ್ನು ತಿರುಗಿಸಿದ್ದರೆ, ಎಂದರೆ ಮೊದಲು ಹೇಳಿಕೆ ಆಮೇಲೆ ತಡೆ ಎಂದಿದ್ದರೆ, ನಡುವಿನ ದಿನಗಳಲ್ಲಿ ಹಣ ಜಾರಿಹೋಗಬಹುದಿತ್ತು.

ಹಳೆಯ ರಾಯಭಾರಿಗಳ ಮಾನ್ಯತೆಯನ್ನು ಅಮೆರಿಕ ಕಿತ್ತುಹಾಕಲಿಲ್ಲ. ದೇಶವೇ ಇಲ್ಲದ ಕಚೇರಿಗಳು ಅಮೆರಿಕದಲ್ಲಿ ನಡೆದುಕೊಂಡು ಬಂದವು, ತಡೆಹಿಡಿದ ಹಣದಿಂದಲೇ ಅವುಗಳ ಖರ್ಚಿಗೆ ದಾರಿ ಮಾಡಲಾಯಿತು. ಪಾಸ್‌ಪೋರ್ಟ್ ನವೀಕರಣವೂ ಆಗುತ್ತಿತ್ತು. ಸರ್ಕಾರಿ ನಕ್ಷೆಗಳಲ್ಲಿ ಈ ವಿಲೀನವನ್ನು ಒಪ್ಪುವುದಿಲ್ಲ ಎಂಬ ಅಡಿಬರಹ ಬೀಳುತ್ತಿತ್ತು. ಬ್ರಿಟನ್ ಹಿಡಿದದ್ದು ಬಿ ಖಾತಾ ದಾರಿ: ವಾಸ್ತವದಲ್ಲಿ ಸೋವಿಯತ್ ಆಳ್ವಿಕೆ ಇದೆ ಎಂದು ಒಪ್ಪಿತು, ಹಕ್ಕು ಇದೆ ಎಂದು ಒಪ್ಪಲಿಲ್ಲ. ಅರೆಮನಸ್ಸಿನ ಬೆಲೆ ಆಮೇಲೆ ಕಂಡಿತು. ತನ್ನಲ್ಲಿದ್ದ ಬಾಲ್ಟಿಕ್ ಚಿನ್ನವನ್ನು 1960ರ ದಶಕದ ಕೊನೆಯಲ್ಲಿ ಮಾರಿ, ಮಾಸ್ಕೋ ಜೊತೆಗಿನ ಹಳೆಯ ಬಾಕಿ ತೀರಿಸಿಕೊಂಡಿತು. 1992ರಲ್ಲಿ ಅಷ್ಟೇ ಚಿನ್ನವನ್ನು ಮೂರು ದೇಶಗಳಿಗೆ ತಾನೇ ತುಂಬಿಕೊಡಬೇಕಾಯಿತು. 1991ರಲ್ಲಿ ಅವು ಎದ್ದು ನಿಂತಾಗ ಹೊಸ ದೇಶ ಹುಟ್ಟಿತು ಎನ್ನದೆ, ಹಳೆಯದೇ ಮುಂದುವರಿಯಿತು ಎಂದು ವಾದಿಸಲು ಸಾಧ್ಯವಾದದ್ದು ಆ ಹಳೆಯ ಕಚೇರಿಗಳಿಂದ. ಸೋವಿಯತ್ ಕುಸಿಯದಿದ್ದರೆ ಈ ಕಾಗದಗಳಿಗೆ ಏನು ಬೆಲೆ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ತಕರಾರು ಕಾಯುತ್ತದೆ, ತಾನಾಗಿ ಗೆಲ್ಲುವುದಿಲ್ಲ.

1945ರ ವಿಶ್ವಸಂಸ್ಥೆ ಸನ್ನದು ಬಲಪ್ರಯೋಗವನ್ನೇ ನಿಷೇಧಿಸಿತು, ಐವರ ಕೈಗೆ ವಿಟೊವನ್ನೂ ಕೊಟ್ಟಿತು. ಹಾಗಾಗಿ ನೆಲ ನುಂಗಿದವನು ಯಾರು, ಅವನ ಬೆನ್ನಿಗೆ ಯಾರಿದ್ದಾರೆ ಎಂಬುದರ ಮೇಲೆ ಪ್ರತಿಕ್ರಿಯೆ ನಿಂತಿತು. ಕುವೈತ್ ವಿಷಯದಲ್ಲಿ ಯಾರೂ ವಿಟೊ ಹಾಕಲಿಲ್ಲ, ಆಗ ಯಂತ್ರ ಹೇಗೆ ಓಡುತ್ತದೆಂದು ಜಗತ್ತು ನೋಡಿತು. 1990ರ ಆಗಸ್ಟ್ 2ರಂದು ಇರಾಕ್ ನುಗ್ಗಿತು. ಅದೇ ದಿನ ಭದ್ರತಾ ಮಂಡಳಿಯ 660ನೇ ನಿರ್ಣಯ, ಹಿಂದೆ ಸರಿ. 6ರಂದು 661, ವ್ಯಾಪಾರ ಬಂದ್. 8ರಂದು ಇರಾಕ್ ವಿಲೀನ ಸಾರಿತು. 9ರಂದು 662, ಆ ವಿಲೀನ ಅಸಿಂಧು, ಪರೋಕ್ಷವಾಗಿ ಮಾನ್ಯ ಮಾಡಿದಂತಾಗುವ ಯಾವ ವ್ಯವಹಾರವೂ ಕೂಡದು. 25ರಂದು 665, ಹಡಗು ತಡೆದು ತಪಾಸಣೆ. ನವೆಂಬರ್ 29ರಂದು 678, ಜನವರಿ 15ರ ಗಡುವು. ಈ ಸಲ ಪಟ್ಟಿಯಲ್ಲಿ ಎಣ್ಣೆ ಇತ್ತು, ಕೊಳವೆಮಾರ್ಗಗಳೂ ಮುಚ್ಚಿದವು. ಆದರೂ ಕುವೈತ್ ಬಿಡುಗಡೆಯಾದದ್ದು ಯುದ್ಧದಿಂದ.

ಇದರಲ್ಲಿ ಭಾರತಕ್ಕೆ ಬಿದ್ದ ಪೆಟ್ಟು ಈಗಿನ ಚರ್ಚೆಗಳಲ್ಲಿ ಬರುವುದೇ ಇಲ್ಲ. ಜೋರ್ಡಾನಿನ ಅಮ್ಮಾನ್ ಮೂಲಕ 1.7 ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ವಿಮಾನದಲ್ಲಿ ಕರೆತರಬೇಕಾಯಿತು, ಅವರಲ್ಲಿ ನಮ್ಮ ಕರಾವಳಿಯವರೂ ಇದ್ದರು. ಗಲ್ಫ್‌ನಿಂದ ಬರುತ್ತಿದ್ದ ಹಣ ನಿಂತಿತು, ಎಣ್ಣೆ ಬೆಲೆ ಏರಿತು, 1991ರ ವಿದೇಶಿ ವಿನಿಮಯ ಬಿಕ್ಕಟ್ಟಿಗೆ ಅದೂ ಒಂದು ಕಾರಣ. ಇಂಥ ದೇಶಗಳಿಗೆಂದೇ ಸನ್ನದಿನ 50ನೇ ವಿಧಿ ಇದೆ, ಆದರೆ ಅದು ಕೊಡುವುದು ಸಮಾಲೋಚನೆ ಕೇಳುವ ಹಕ್ಕು ಮಾತ್ರ, ಹಣವಲ್ಲ. ನಿರ್ಬಂಧಕ್ಕೆ ಸಹಿ ಹಾಕುವ ಮುನ್ನ ಯಾರ ಜೇಬಿನಿಂದ ಎಷ್ಟು ಹೋಗುತ್ತದೆ ಎಂದು ಲೆಕ್ಕ ಹಾಕುವುದು ಹೇಡಿತನವೇನಲ್ಲ.

ಬೆಂಗಳೂರಿನ ಕೋಡಿನಲ್ಲಿ ಕ್ರಿಮಿಯಾ

2014ರ ಮಾರ್ಚ್ 18ರಂದು ರಷ್ಯಾ ಕ್ರಿಮಿಯಾವನ್ನು ಸೇರಿಸಿಕೊಂಡಿತು. ಅದೇ ತಿಂಗಳ 30ರಂದು ಅಲ್ಲಿನ ಗಡಿಯಾರಗಳು ಮಾಸ್ಕೋ ಸಮಯಕ್ಕೆ ಎರಡು ಗಂಟೆ ಮುಂದೆ ಹೋದವು. ಡಿಸೆಂಬರಿನಲ್ಲಿ ಅಮೆರಿಕ ಆ ಭಾಗಕ್ಕೆ ಸರಕು, ಸೇವೆ ಎರಡನ್ನೂ ನಿಷೇಧಿಸಿತು. ಅಲ್ಲಿಂದ ಈ ವಿಷಯ ಔಟರ್ ರಿಂಗ್ ರೋಡಿನ ಕಚೇರಿಗಳಿಗೆ ಬಂತು. ವಿದೇಶಿ ಬ್ಯಾಂಕುಗಳಿಗೆ ಗ್ರಾಹಕ ತಪಾಸಣೆಯ ಸಾಫ್ಟ್‌ವೇರ್ ಬರೆಯುವವರಿಗೆ ದೇಶದ ಕೋಡ್ ಒಂದೇ ಸಾಲದು. ಒಂದೇ ವಿಳಾಸ ಯುಎ (ಉಕ್ರೇನ್) ಎಂದೂ ಬರುತ್ತದೆ, ಆರ್‌ಯು (ರಷ್ಯಾ) ಎಂದೂ ಬರುತ್ತದೆ. ಪಿನ್‌ಕೋಡ್ ನೋಡಬೇಕು: ಉಕ್ರೇನಿನ ಐದಂಕಿಯ ಮೊದಲಿಗೆ ರಷ್ಯಾ 2 ಸೇರಿಸಿದೆ, ಸಿಮ್ಫೆರೋಪೋಲಿನ 95000 ಈಗ 295000. ಊರಿನ ಹೆಸರನ್ನು ರಷ್ಯನ್, ಉಕ್ರೇನಿ ಎರಡೂ ಕಾಗುಣಿತದಲ್ಲಿ ಹುಡುಕಬೇಕು. ಹುಡುಕಾಟ ಸಡಿಲವಾದರೆ ಕ್ಯಾಲಿಫೋರ್ನಿಯಾದ ಸೆಬಾಸ್ಟೊಪೋಲ್ ಎಂಬ ಊರಿನವನ ಖಾತೆಯೂ ತಡೆಗೆ ಸಿಗುತ್ತದೆ, ಬಿಗಿಯಾದರೆ ನಿಜವಾದ ಸೆವಾಸ್ಟೋಪೋಲ್ ನುಸುಳುತ್ತದೆ. ಕಂಪ್ಯೂಟರುಗಳೆಲ್ಲ ಬಳಸುವ ಕಾಲವಲಯ ಪಟ್ಟಿಯಂತೂ ಸಿಮ್ಫೆರೋಪೋಲ್ ಮುಂದೆ ಎರಡೂ ದೇಶದ ಕೋಡ್ ಬರೆದು ಕೈತೊಳೆದುಕೊಂಡಿದೆ. ಗಡಿಯಾರಕ್ಕೆ ಹಕ್ಕಿನ ಪ್ರಶ್ನೆ ಬೇಕಿಲ್ಲ, ಗಂಟೆ ಎಷ್ಟು ಎಂದಷ್ಟೇ ಬೇಕು.

ಇಲ್ಲಿ ತೊಂದರೆಗೆ ಸಿಕ್ಕುವವರು ನೆಲ ಕಳೆದುಕೊಂಡ ಜನರೇ. ಆ್ಯಪ್ ಅಂಗಡಿ, ಕಾರ್ಡು, ಹಣ ವರ್ಗಾವಣೆ ಎಲ್ಲ ನಿಂತದ್ದು ಅವರಿಗೆ. ಅಂತರರಾಷ್ಟ್ರೀಯ ನ್ಯಾಯಾಲಯ ಇದನ್ನು 1971ರಲ್ಲೇ ಕಂಡಿತ್ತು. ನಮೀಬಿಯಾ ಮೇಲಿನ ದಕ್ಷಿಣ ಆಫ್ರಿಕಾದ ಹಿಡಿತವನ್ನು ಯಾರೂ ಮಾನ್ಯ ಮಾಡಬಾರದು ಎಂದ ಅಭಿಪ್ರಾಯದಲ್ಲೇ, ಜನನ ಮರಣ ಮದುವೆಗಳ ನೋಂದಣಿಯನ್ನು ತಳ್ಳಿಹಾಕಬಾರದು ಎಂದೂ ಸೇರಿಸಿತು. ಕಚೇರಿ ಅಕ್ರಮವಾದರೂ ಮಗು ಹುಟ್ಟಿದ್ದು ನಿಜ.

ನಮ್ಮ ಕಡತದಲ್ಲಿ ಏನಿದೆ

ಭಾರತದ ದಾಖಲೆ ನೇರ ಗೆರೆಯಲ್ಲಿಲ್ಲ. 1961ರ ಡಿಸೆಂಬರಿನ ಗೋವಾ ಕಾರ್ಯಾಚರಣೆಯನ್ನು ಪೋರ್ಚುಗಲ್ ಆಕ್ರಮಣ ಎಂದಿತು. ಭದ್ರತಾ ಮಂಡಳಿಯಲ್ಲಿ ಭಾರತದ ವಿರುದ್ಧದ ನಿರ್ಣಯಕ್ಕೆ 7 ಮತ ಬಿದ್ದವು, ಉಳಿಸಿದ್ದು ಸೋವಿಯತ್ ವಿಟೊ. ಹಿಂದಿನ ವರ್ಷವೇ ಮಹಾಸಭೆ ಗೋವಾವನ್ನು ಸ್ವಯಮಾಡಳಿತವಿಲ್ಲದ ಪ್ರದೇಶಗಳ ಪಟ್ಟಿಗೆ ಸೇರಿಸಿದ್ದರಿಂದ ವಸಾಹತು ತೆರವು ಎಂಬ ನಮ್ಮ ವಾದಕ್ಕೆ ಬಲವಿತ್ತು. ಪೋರ್ಚುಗಲ್ ತನ್ನ ತಕರಾರನ್ನು 1974ರವರೆಗೆ ಎಳೆಯಿತು. ಅದರ ಬಾಲ ಇನ್ನೂ ಉಳಿದಿದೆ: 1961ರ ಡಿಸೆಂಬರ್ 19ಕ್ಕೆ ಮೊದಲು ಅಲ್ಲಿ ಹುಟ್ಟಿದವರ ಸಂತತಿ ಇಂದಿಗೂ ಲಿಸ್ಬನ್‌ನಲ್ಲಿ ಜನನ ನೋಂದಾಯಿಸಿ ಪೋರ್ಚುಗೀಸ್ ಪಾಸ್‌ಪೋರ್ಟ್ ಪಡೆಯುತ್ತದೆ.

ಪಶ್ಚಿಮ ಸಹಾರಾ ಇನ್ನೊಂದು ಬಗೆ. ಮೊರಾಕ್ಕೊ ಹಿಡಿದ ಆ ನೆಲದ ಸಹ್ರಾವಿ ಗಣರಾಜ್ಯಕ್ಕೆ 1985ರಲ್ಲಿ ಮಾನ್ಯತೆ ಕೊಟ್ಟ ಭಾರತ 2000ದಲ್ಲಿ ಹಿಂದಕ್ಕೆ ಪಡೆಯಿತು. ನಮ್ಮ ಗೊಬ್ಬರದ ರಂಜಕಕ್ಕೆ ಮೊರಾಕ್ಕೊ ದೊಡ್ಡ ಮೂಲ ಎಂಬುದನ್ನು ಮರೆತು ಇದನ್ನು ಓದಲಾಗದು. ಸಹ್ರಾವಿಗಳು ಮಾತ್ರ ಸರಕಿನ ಬೆನ್ನು ಹತ್ತಿದರು. 2017ರಲ್ಲಿ ಅಲ್ಲಿನ ಸುಮಾರು 50 ಸಾವಿರ ಟನ್ ಫಾಸ್ಫೇಟ್ ಹೊತ್ತು ನ್ಯೂಜಿಲೆಂಡಿಗೆ ಹೊರಟ ಹಡಗನ್ನು ದಕ್ಷಿಣ ಆಫ್ರಿಕಾದ ಬಂದರಿನಲ್ಲಿ ಕೋರ್ಟ್ ಆದೇಶ ತಂದು ನಿಲ್ಲಿಸಿದರು, ಮರುವರ್ಷ ಸರಕು ಅವರದೆಂದೇ ತೀರ್ಪಾಯಿತು.

ಉಕ್ರೇನಿನ ನೆಲದ ವಿಲೀನ ಅಸಿಂಧು ಎಂಬ ನಿರ್ಣಯಗಳಿಗೆ ಮಹಾಸಭೆಯಲ್ಲಿ ಬಿದ್ದ ಮತಗಳಿಗೆ ಬರೋಣ. 2014ರ ಮಾರ್ಚ್ 27ರಂದು 100-11, ದೂರ ಉಳಿದವರು 58. 2022ರ ಅಕ್ಟೋಬರ್ 12ರಂದು 143-5, ದೂರ ಉಳಿದವರು 35. ಎರಡರಲ್ಲೂ ಭಾರತ ದೂರ ಉಳಿಯಿತು. ಮಹಾಸಭೆಯಲ್ಲಿ ಮೂರನೇ ಎರಡರಷ್ಟು ಬಹುಮತ ಎಣಿಸುವಾಗ ಹೌದು, ಇಲ್ಲ ಎಂದವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಹಾಗಾಗಿ ನಮ್ಮ ನಡೆಯಿಂದ ನಿರ್ಣಯಕ್ಕೆ ಅಡ್ಡಿಯಾಗಲಿಲ್ಲ. ವಿಲೀನವನ್ನು ನಾವು ಮಾನ್ಯ ಮಾಡಿದಂತೆಯೂ ಆಗಲಿಲ್ಲ. ಅಷ್ಟು ಸರಿ. ಆದರೆ ಪಾರ್ಕಿನ ಬೆಂಚಿನವರು ಹೇಳುವಂತೆ ಇದು ಪುಕ್ಕಟೆಯಾಗಿಯೂ ಬರುವುದಿಲ್ಲ. ಅಕ್ಸಾಯ್ ಚಿನ್‌ನ ಸುಮಾರು 38,000 ಚದರ ಕಿಲೋಮೀಟರ್, 1963ರಲ್ಲಿ ಪಾಕಿಸ್ತಾನ ಚೀನಾಕ್ಕೆ ಬಿಟ್ಟುಕೊಟ್ಟ 5,180 ಚದರ ಕಿಲೋಮೀಟರ್ ಇವುಗಳ ಬಗ್ಗೆ ನಾವು ನಡೆಸಿಕೊಂಡು ಬಂದಿರುವ ತಕರಾರು ನಿಂತಿರುವುದೂ ಇದೇ ನಿಯಮದ ಮೇಲೆ. ಬೇರೆಯವರ ಅರ್ಜಿಗೆ ಸಾಕ್ಷಿ ಹಾಕದವನಿಗೆ ತನ್ನ ಅರ್ಜಿಗೆ ಸಾಕ್ಷಿ ಹುಡುಕುವುದು ಕಷ್ಟ.

ಅದಕ್ಕೆ ಟಿಬೆಟ್ ನೋಡಿದರೆ ಸಾಕು. ಚೀನಾದ ಸೈನ್ಯ ಅಲ್ಲಿಗೆ ನುಗ್ಗಿದ ವಿಷಯವನ್ನು 1950ರ ನವೆಂಬರಿನಲ್ಲಿ ಎಲ್ ಸಾಲ್ವಡಾರ್ ದೇಶ ವಿಶ್ವಸಂಸ್ಥೆಗೆ ತಂದಾಗ, ಮಾತುಕತೆಯಲ್ಲಿ ಬಗೆಹರಿಯಬಹುದು ಎಂದು ಭಾರತದ ಪ್ರತಿನಿಧಿ ಹೇಳಿದರು, ಚರ್ಚೆ ಮುಂದಕ್ಕೆ ಹೋಯಿತು. 1954ರ ಏಪ್ರಿಲ್ 29ರ ಒಪ್ಪಂದದಲ್ಲಿ ‘ಚೀನಾದ ಟಿಬೆಟ್ ಪ್ರದೇಶ’ ಎಂಬ ಪದವನ್ನು ಒಪ್ಪಿ, ಯಾತುಂಗ್, ಗ್ಯಾಂಟ್ಸೆಗಳ ಕಾವಲುಪಡೆ ಹಿಂತೆಗೆದು, ಅಂಚೆ ತಂತಿ ವ್ಯವಸ್ಥೆ ಮತ್ತು 12 ತಂಗುಮನೆಗಳನ್ನು ಬಿಟ್ಟುಕೊಟ್ಟೆವು. ಗಡಿಯ ಬಗ್ಗೆ ಒಂದು ಸಾಲನ್ನೂ ಬರೆಸಿಕೊಳ್ಳಲಿಲ್ಲ. ಖಾತೆ ಬಿಟ್ಟುಕೊಡುವ ದಿನ ಚಕ್ಕುಬಂದಿ ಬರೆಸಿಕೊಳ್ಳದ ತಪ್ಪು ಅದು. 1965ರಲ್ಲಿ ಟಿಬೆಟ್ ಪರ ನಿರ್ಣಯಕ್ಕೆ ಭಾರತ ಮತ ಹಾಕಿತು, 2003ರಲ್ಲಿ ಟಿಬೆಟ್ ಸ್ವಾಯತ್ತ ಪ್ರದೇಶ ಚೀನಾದ ಭಾಗವೆಂದು ಬರೆದುಕೊಟ್ಟಿತು.

ಆ ನಡುವೆ ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟು ನಿರಾಶ್ರಿತರನ್ನು ನೆಲೆಗೊಳಿಸಿತ್ತು, ಮುಂಡಗೋಡದಲ್ಲೂ ವಸತಿ ಎದ್ದಿತು. ಇಂದು ಅಲ್ಲಿಂದ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಬರುವ ಟಿಬೆಟನ್ನರ ಕೈಯಲ್ಲಿರುವುದು ಭಾರತ ಸರ್ಕಾರ ಕೊಟ್ಟ ಹಳದಿ ರಟ್ಟಿನ ಗುರುತು ಪುಸ್ತಿಕೆ. ಚೀನಾ 2012ರಲ್ಲಿ ಅರುಣಾಚಲ, ಅಕ್ಸಾಯ್ ಚಿನ್‌ಗಳನ್ನು ತನ್ನದೆಂದು ತೋರಿಸುವ ನಕ್ಷೆಯನ್ನು ಪಾಸ್‌ಪೋರ್ಟಿನ ಹಾಳೆಯಲ್ಲೇ ಅಚ್ಚು ಹಾಕಿತು. ಬೀಜಿಂಗ್‌ನ ಭಾರತೀಯ ರಾಯಭಾರ ಕಚೇರಿ ಆ ಹಾಳೆಗಳ ಮೇಲೆ ಭಾರತದ ನಕ್ಷೆಯಿರುವ ವೀಸಾ ಒತ್ತಿ ಕಳಿಸತೊಡಗಿತು. ಅರುಣಾಚಲದವರಿಗೆ ಚೀನಾ ವೀಸಾವನ್ನು ಪಾಸ್‌ಪೋರ್ಟಿಗೆ ಅಂಟಿಸದೆ ಬೇರೆ ಹಾಳೆಯಲ್ಲಿ ಕೊಟ್ಟು ಸ್ಟೇಪ್ಲರ್ ಹೊಡೆಯುತ್ತದೆ. 2023ರ ಜುಲೈಯಲ್ಲಿ ಮೂವರು ವುಶು (ಚೀನೀ ಕದನಕಲೆ) ಆಟಗಾರ್ತಿಯರಿಗೆ ಹಾಗೆ ಮಾಡಿದಾಗ ಚೆಂಗ್ಡುವಿಗೆ ಹೊರಟಿದ್ದ ಇಡೀ ವುಶು ತಂಡವನ್ನೇ ಭಾರತ ವಿಮಾನ ಹತ್ತಿಸಲಿಲ್ಲ.